1933ರ ಬಾವುಟ ಸಿಡ್ನಿಯದ್ದಾ, ಸೌತ್ ಮೆಲ್ಬರ್ನಿನದ್ದಾ? ಮೊಮ್ಮಗನಿಗೆ ಏನು ಹೇಳಲಿ?

ಸಾಗರದ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಸಾಗರದವಳು. ಪ್ರೈಮರಿ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿ ಈಗ ಮನೆಯಲ್ಲಿದ್ದೇನೆ. ಮಗ, ಸೊಸೆ ಸಿಡ್ನಿಯಲ್ಲಿದ್ದಾರೆ. ಈ ವರ್ಷ ಮೂರು ತಿಂಗಳು ಅಲ್ಲಿದ್ದು, ಮಳೆ ಹಿಡಿಯುವ ಹೊತ್ತಿಗೆ ವಾಪಸ್ ಬಂದೆ.

ಮೊಮ್ಮಗನಿಗೆ ಒಂಬತ್ತು ವರ್ಷ. ಅಲ್ಲಿಯ ಫುಟ್‌ಬಾಲ್ ಅಂದರೆ ಅವನಿಗೆ ಪ್ರಾಣ. ಫೂಟಿ ಅಂತಾನೆ. ನಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ ಅದು. ಚೆಂಡು ಕೆಂಪು ಚರ್ಮದ್ದು, ಸಿಪ್ಪೆ ಸುಲಿಯದ ತೆಂಗಿನಕಾಯಿಯ ಆಕಾರ. ಕೈಯಲ್ಲಿ ಹಿಡಿಯಬಹುದು, ಹಿಡಿದು ಓಡಬಹುದು, ಮುಷ್ಟಿಯಿಂದ ಗುದ್ದಿ ಜೊತೆಯವರಿಗೆ ಕೊಡಬಹುದು. ಆಡುವುದು ಕ್ರಿಕೆಟ್ ಮೈದಾನದಲ್ಲೇ. ಒಂದೊಂದು ಕಡೆ ಹದಿನೆಂಟು ಜನ. ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬದ ಮಧ್ಯೆ ಒದ್ದರೆ 6 ಪಾಯಿಂಟ್. ಅದರ ಪಕ್ಕದ ಸಂದಿಯಲ್ಲಿ ಹೋದರೆ 1. ಇಷ್ಟನ್ನೂ ನನಗೆ ಕಲಿಸಿದ್ದು ಅವನೇ. ಊಟದ ಟೇಬಲ್ ಮೇಲೆ ನಾಲ್ಕು ಸ್ಟೀಲ್ ಲೋಟ ಇಟ್ಟು, ಬಟಾಣಿ ಕಾಳು ಉರುಳಿಸಿ ತೋರಿಸಿದ.

ಅವನ ಟೀಂ ಸಿಡ್ನಿ ಸ್ವಾನ್ಸ್. ಒಂದು ಸಂಜೆ ನನ್ನನ್ನೂ ಸಿಡ್ನಿ ಕ್ರಿಕೆಟ್ ಗ್ರೌಂಡಿಗೆ ಕರೆದುಕೊಂಡು ಹೋಗಿದ್ದರು. ಎಲ್ಲಿ ನೋಡಿದರೂ ಕೆಂಪು, ಬಿಳಿ. ನನ್ನ ಕುತ್ತಿಗೆಗೂ ಒಂದು ಉಣ್ಣೆಯ ಶಾಲು ಸುತ್ತಿದ. ನನಗೆ ಆಟ ಪೂರ್ತಿ ಅರ್ಥವಾಗಲಿಲ್ಲ, ಆದರೆ ಪಕ್ಕದಲ್ಲಿ ಕೂತಿದ್ದ ಅವನ ಮುಖ ನೋಡುವುದೇ ನನಗೆ ಆಟ.

ಅವನ ಕೋಣೆಯ ಗೋಡೆಯಲ್ಲಿ ಒಂದು ಬಟ್ಟೆಯ ಬಾವುಟ ಇದೆ. ಅದರ ಮೇಲೆ ಐದು ಇಸವಿ: 1909, 1918, 1933, 2005, 2012. ಇವು ಗೆದ್ದ ವರ್ಷಗಳು. ಕೆಳಗೆ ಕ್ಲಬ್ ಶುರುವಾದದ್ದು 1874 ಅಂತ ಇದೆ. ಮೊನ್ನೆ ಅವರ ಮನೆಗೆ ಮಗನ ಆಫೀಸಿನವರೊಬ್ಬರು ಊಟಕ್ಕೆ ಬಂದಿದ್ದರಂತೆ. ಮೆಲ್ಬರ್ನಿನಲ್ಲಿ ಹುಟ್ಟಿ ಬೆಳೆದವರು. ಗೋಡೆ ನೋಡಿ, ಮೊದಲಿನ ಮೂರು ನಿಮ್ಮದಲ್ಲ, ಅವು ಸೌತ್ ಮೆಲ್ಬರ್ನಿನವರದ್ದು, ಸಿಡ್ನಿಗೆ ಈ ಕ್ಲಬ್ ಬಂದದ್ದೇ 1982ರಲ್ಲಿ ಅಂದರಂತೆ. ಹುಡುಗ ರಾತ್ರಿ ಊಟ ಮಾಡಲಿಲ್ಲ. ನನಗೆ ವಿಡಿಯೋ ಕಾಲ್ ಮಾಡಿ ಕೇಳಿದ: "ಅಜ್ಜಿ, ಬೇರೆಯವರ ಮಾರ್ಕ್ಸ್ ನಮ್ಮ ಪ್ರೋಗ್ರೆಸ್ ಕಾರ್ಡಿನಲ್ಲಿ ಬರ್ಕೊಂಡ ಹಾಗೆ ಆಗಲ್ವಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಭಾನುವಾರ ಹೇಳ್ತೇನೆ ಪುಟ್ಟ ಅಂದೆ. ಸುಮ್ನೆ ಸಮಾಧಾನಕ್ಕೆ ಏನೋ ಹೇಳುವುದು ನನಗೆ ಆಗುವುದಿಲ್ಲ. ಮಕ್ಕಳಿಗೆ ತಪ್ಪು ಹೇಳಬಾರದು. ಈ ಕ್ಲಬ್ಬಿನ ಕಥೆ ಸರಿಯಾಗಿ ಗೊತ್ತಿರುವವರು ಯಾರಾದರೂ ಹೇಳ್ತೀರಾ? 1933ಕ್ಕೂ 2005ಕ್ಕೂ ನಡುವೆ ಅಷ್ಟು ದೊಡ್ಡ ಬಿಡುವು ಯಾಕೆ ಅಂತಲೂ ತಿಳಿದುಕೊಳ್ಳಬೇಕು.

ಶಿವಮೊಗ್ಗ ಪಿಟಿ ಮೇಷ್ಟ್ರು:

ಟೀಚರ್, ಲೆಕ್ಕದ ಮಟ್ಟಿಗೆ ನಿಮ್ಮ ಮೊಮ್ಮಗನ ಗೋಡೆ ಸರಿಯಾಗಿದೆ. ಲೀಗಿನ ದಾಖಲೆಯಲ್ಲೇ ಐದನ್ನೂ ಒಂದೇ ಕ್ಲಬ್ಬಿಗೆ ಬರೆದಿದ್ದಾರೆ. ಮೊದಲು ಅದು ವಿಕ್ಟೋರಿಯಾ ರಾಜ್ಯದ ಲೀಗ್, 1897ರಲ್ಲಿ ಎಂಟು ಕ್ಲಬ್ ಸೇರಿ ಆಡಿದ್ದು. ಸೌತ್ ಮೆಲ್ಬರ್ನ್ ಆ ಎಂಟರಲ್ಲಿ ಒಂದು. ಬೇರೆ ರಾಜ್ಯದ ತಂಡಗಳೂ ಬಂದ ಮೇಲೆ, 1990ರಿಂದ ಎಎಫ್‌ಎಲ್, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್, ಅಂತ ಹೆಸರಾಯಿತು. ಹೆಸರು ಬದಲಾದರೂ ದಾಖಲೆ ಮುಂದುವರಿದಿದೆ.

ಇನ್ನೊಂದು ವಿಷಯ. ನೆಟ್ಟಿನಲ್ಲಿ ಸೌತ್ ಮೆಲ್ಬರ್ನ್ ಅಂತ ಹುಡುಕಿದರೆ ಗುಂಡು ಚೆಂಡಿನ ಫುಟ್‌ಬಾಲ್ ಕ್ಲಬ್ ಒಂದು ಸಿಗುತ್ತದೆ. ಅದು ಬೇರೆ. ಗ್ರೀಸ್‌ನಿಂದ ಬಂದವರು ಕಟ್ಟಿದ್ದು. ಹಳೇ ಮೈದಾನದ ಜಾಗದಲ್ಲೇ ಈಗ ಅವರು ಆಡುವುದರಿಂದ ಜನಕ್ಕೆ ಗೊಂದಲ ಆಗುತ್ತದೆ. ಹುಡುಗನಿಗೆ ಆ ಪೇಜ್ ತೋರಿಸಿಬಿಡಬೇಡಿ.

ಮುಳುಗಡೆ ಮೊಮ್ಮಗ, ಹೊಸನಗರ:

ಟೀಚರ್, ನಿಮ್ಮ ಮೊಮ್ಮಗನ ಪ್ರಶ್ನೆ ನನ್ನ ಎದೆಗೇ ಬಂದು ತಾಗಿತು. ಮೂರು ದಿನದಿಂದ ಮಳೆ ಬಿಟ್ಟಿಲ್ಲ. ತೋಟಕ್ಕೆ ಕೊಳೆ ಔಷಧಿ ಹೊಡೆಸುವ ಹಾಗಿಲ್ಲ. ಹಾಗಾಗಿ ಕೂತು ಪೂರ್ತಿ ಬರೆಯುತ್ತೇನೆ. ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ನಾನು ಒಂಬತ್ತು ವರ್ಷ ಮೆಲ್ಬರ್ನಿನಲ್ಲಿದ್ದೆ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಆಲ್ಬರ್ಟ್ ಪಾರ್ಕ್ ಅನ್ನುವ ಕಡೆ ಒಂದು ರೂಮು ಬಾಡಿಗೆಗೆ ಹಿಡಿದಿದ್ದೆ. ಅಲ್ಲಿ ಒಂದು ದೊಡ್ಡ ಕೆರೆ ಇದೆ. ಕೆರೆಯ ದಡಕ್ಕೆ ಅಂಟಿಕೊಂಡು ಲೇಕ್ ಓವಲ್ ಅನ್ನುವ ಮೈದಾನ. ಅದೇ ಸೌತ್ ಮೆಲ್ಬರ್ನಿನವರ ತವರು. ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಮುದುಕರಿದ್ದರು, ಮೊದಲು ಟ್ರಾಂ ಕಂಡಕ್ಟರ್ ಆಗಿದ್ದವರು. ನಾನು ಈ ಕ್ಲಬ್ಬಿನ ಕಥೆ ಕೇಳಿದ್ದೆಲ್ಲ ಅವರ ಬಾಯಿಂದ. ಅವರ ಮನೆಯ ಹಿಂದಿನ ಶೆಡ್ಡಿನಲ್ಲಿ, ಒಂದು ಸ್ಟೂಲಿನ ಮೇಲೆ ಕೂತು.

ಆ ಶೆಡ್ಡಿನ ಮರದ ಗೋಡೆಗೆ ಅವರ ಸೀಸನ್ ಟಿಕೆಟ್‌ಗಳನ್ನು ಸಾಲಾಗಿ ಹೊಡೆದಿದ್ದರು. ವರ್ಷಕ್ಕೊಂದು. ಸಣ್ಣ ರಟ್ಟಿನ ಟಿಕೆಟ್, ಅದರ ಮೇಲೆ ಗೇಟಿನಲ್ಲಿ ತೂತು ಹಾಕಿದ ಗುರುತು. ಒಂದೊಂದಕ್ಕೆ ಒಂದು ಮೊಳೆ. ಮೊದಲಿನವು ಚಹಾದ ಬಣ್ಣಕ್ಕೆ ತಿರುಗಿದ್ದವು. ಸಾಲು 1981ಕ್ಕೆ ನಿಂತಿತ್ತು. ನಾನು ಹೋದ ಹೊಸತರಲ್ಲಿ, ಆಮೇಲಿನವು ಎಲ್ಲಿ ಅಂತ ಕೇಳಿದ್ದೆ. ಅವರು ಉತ್ತರ ಕೊಡದೆ ಲೈಟ್ ಆರಿಸಿ ಹೊರಗೆ ಬಂದರು.

ಕಥೆ ಮೊದಲಿಂದ ಹೇಳುತ್ತೇನೆ. 1874ರಲ್ಲಿ ಕ್ಲಬ್ ಶುರುವಾಯಿತು. 1880ರಲ್ಲಿ ಪಕ್ಕದ ಆಲ್ಬರ್ಟ್ ಪಾರ್ಕ್ ಕ್ಲಬ್ಬಿನ ಜೊತೆ ಸೇರಿಕೊಂಡಿತು. ಹೆಸರು ಸೌತ್ ಮೆಲ್ಬರ್ನ್ ಅಂತಲೇ ಉಳಿಯಿತು, ಕೆಂಪು ಬಿಳಿ ಬಣ್ಣ ಮಾತ್ರ ಆಲ್ಬರ್ಟ್ ಪಾರ್ಕಿನವರಿಂದ ಬಂತು. ಲೀಗ್ ಶುರುವಾಗುವ ಮೊದಲು ವಿಕ್ಟೋರಿಯಾದಲ್ಲಿ ಒಂದು ಅಸೋಸಿಯೇಷನ್ ಇತ್ತು. ಅದರಲ್ಲಿ ಇವರು ಐದು ಸಲ ಗೆದ್ದರು: 1881, 1885, 1888, 1889, 1890. ಈಗ ಜನ ಇದನ್ನು ಮರೆತಿದ್ದಾರೆ. ಆ ಕಾಲದಲ್ಲಿ ಇವರು ಭಾರಿ ಬಲದ ತಂಡ.

ಲೀಗಿನಲ್ಲಿ ಮೊದಲ ಗೆಲುವು 1909. ಕಾರ್ಲ್‌ಟನ್ ಮೇಲೆ ಬರೀ 2 ಪಾಯಿಂಟ್‌ನಲ್ಲಿ. 1918ರಲ್ಲಿ ಕಾಲಿಂಗ್‌ವುಡ್ ಮೇಲೆ 5 ಪಾಯಿಂಟ್‌ನಲ್ಲಿ. 1933 ಮಾತ್ರ ಆರಾಮಾಗಿ ಗೆದ್ದದ್ದು. ರಿಚ್ಮಂಡ್ ಮೇಲೆ 42 ಪಾಯಿಂಟ್ ಅಂತರ. ಅಲ್ಲಿ ಇದನ್ನು ಕಪ್ ಗೆದ್ದರು ಅನ್ನುವುದಿಲ್ಲ, ಫ್ಲ್ಯಾಗ್ ಗೆದ್ದರು ಅಂತಾರೆ. ಕಪ್ ಕೊಡಲು ಶುರು ಮಾಡಿದ್ದೇ 1959ರಲ್ಲಿ. ಅದಕ್ಕೆ ಮೊದಲು ಗೆದ್ದವರಿಗೆ ಬಾವುಟ. ನಿಮ್ಮ ಮೊಮ್ಮಗನ ಗೋಡೆಯಲ್ಲಿ ಇರುವುದು ಬಟ್ಟೆಯ ಬಾವುಟ ಅಂದಿರಲ್ಲ, ಅದು ಸರಿಯಾಗೇ ಇದೆ.

1933ರ ತಂಡದ ಬಗ್ಗೆ ಹುಡುಗನಿಗೆ ಖಂಡಿತ ಹೇಳಿ. ಆಗ ಎಲ್ಲೆಲ್ಲೂ ಕೆಲಸ ಇಲ್ಲದ ಕಾಲ. ಕ್ಲಬ್ಬಿನ ಅಧ್ಯಕ್ಷರು ಆರ್ಚಿ ಕ್ರಾಫ್ಟ್ಸ್ ಅನ್ನುವವರು. ಅವರಿಗೆ ದಿನಸಿ ಅಂಗಡಿಗಳ ಸಾಲೇ ಇತ್ತು. ಬೇರೆ ರಾಜ್ಯದ ಒಳ್ಳೊಳ್ಳೆ ಆಟಗಾರರಿಗೆ ಕೆಲಸ ಕೊಟ್ಟು ಕರೆಸಿಕೊಂಡರು. ಪಶ್ಚಿಮ ಆಸ್ಟ್ರೇಲಿಯಾದಿಂದ ಬಂದವರು ಜಾಸ್ತಿ. ಆ ರಾಜ್ಯದ ಲಾಂಛನ ಕಪ್ಪು ಹಂಸ. ಹಾಗಾಗಿ ಪತ್ರಿಕೆಯ ಚಿತ್ರಕಾರರೊಬ್ಬರು ಈ ತಂಡಕ್ಕೆ ಸ್ವಾನ್ಸ್, ಅಂದರೆ ಹಂಸಗಳು, ಅಂತ ಹೆಸರಿಟ್ಟರು. ಮೈದಾನದ ಪಕ್ಕದ ಕೆರೆಯಲ್ಲೂ ಹಂಸಗಳಿದ್ದವು. ಹೆಸರು ನಿಂತುಬಿಟ್ಟಿತು. ನೋಡಿ, ಸಿಡ್ನಿ ಸ್ವಾನ್ಸ್ ಅಂತಾರಲ್ಲ, ಅದರಲ್ಲಿ ಸ್ವಾನ್ಸ್ ಅನ್ನುವುದು ಸಿಡ್ನಿಗೆ ಹೋಗುವ ಐವತ್ತು ವರ್ಷ ಮೊದಲಿನದ್ದು.

ಆ ತಂಡದಲ್ಲಿ ಬಾಬ್ ಪ್ರಾಟ್ ಅನ್ನುವ ಗೋಲ್ ಒದೆಯುವವರು. 1934ರ ಒಂದೇ ಸೀಸನ್ನಿನಲ್ಲಿ 150 ಗೋಲ್ ಹೊಡೆದರು. ಇವತ್ತಿನವರೆಗೆ ಅದನ್ನು ಯಾರೂ ದಾಟಿಲ್ಲ. 1971ರಲ್ಲಿ ಹಾಥಾರ್ನಿನ ಪೀಟರ್ ಹಡ್ಸನ್ ಸರಿಗಟ್ಟಿದರು, ಅಷ್ಟೇ. 1935ರ ಫೈನಲ್‌ಗೆ ಎರಡು ದಿನ ಇದ್ದಾಗ ಪ್ರಾಟ್ ಟ್ರಾಂ ಇಳಿಯುವಾಗ ಇಟ್ಟಿಗೆ ಲಾರಿ ತಾಗಿ ಗಾಯವಾಯಿತು. ಆಡಲು ಆಗಲಿಲ್ಲ. ಕಾಲಿಂಗ್‌ವುಡ್ ಗೆದ್ದಿತು. 1934, 1935, 1936, ಮೂರು ವರ್ಷ ಸಾಲಾಗಿ ಫೈನಲ್ ಸೋತರು. ನಮ್ಮ ಮುದುಕರು ಆ ಲಾರಿಯ ಕಥೆ ಹೇಳುವಾಗ ತಾವೇ ಆ ಟ್ರಾಂ ಓಡಿಸುತ್ತಿದ್ದ ಹಾಗೆ ಕೈ ಹಿಸುಕಿಕೊಳ್ಳುತ್ತಿದ್ದರು. ಅವರು ಆಗಿನ್ನೂ ಹುಟ್ಟಿಯೂ ಇರಲಿಲ್ಲ.

ಆಮೇಲೆ 1945ರ ಫೈನಲ್. ಅದೂ ಸೋಲು. ಕಾರ್ಲ್‌ಟನ್ ಜೊತೆ ಆಡಿದ ಆ ಪಂದ್ಯದಲ್ಲಿ ಎಷ್ಟು ಹೊಡೆದಾಟ ಆಯಿತು ಅಂದರೆ, ಇವತ್ತಿಗೂ ಅದನ್ನು ಬ್ಲಡ್‌ಬಾತ್ ಅಂತಲೇ ಕರೆಯುತ್ತಾರೆ. ಅಲ್ಲಿಂದ ಮುಂದೆ ಬರಗಾಲ. 1945ರಿಂದ ಮೆಲ್ಬರ್ನ್ ಬಿಡುವವರೆಗೆ ಇವರು ಕೊನೆಯ ಹಂತದ ಪಂದ್ಯಗಳಿಗೆ ಹೋದದ್ದು ಎರಡೇ ಸಲ, 1970 ಮತ್ತು 1977.

ಬಾಬ್ ಸ್ಕಿಲ್ಟನ್ ಬಗ್ಗೆ ಹೇಳದೆ ಹೋದರೆ ಆ ಮುದುಕರಿಗೆ ಅನ್ಯಾಯ ಮಾಡಿದ ಹಾಗೆ. ಲೀಗಿನ ಅತ್ಯುತ್ತಮ ಆಟಗಾರನಿಗೆ ಪ್ರತಿ ವರ್ಷ ಬ್ರೌನ್‌ಲೋ ಮೆಡಲ್ ಕೊಡುತ್ತಾರೆ. ಸ್ಕಿಲ್ಟನ್ ಅದನ್ನು ಮೂರು ಸಲ ಗೆದ್ದರು: 1959, 1963, 1968. ಕುಳ್ಳಗಿನ ಮನುಷ್ಯ. ಎಡಗಾಲು, ಬಲಗಾಲು, ಎರಡರಲ್ಲೂ ಒಂದೇ ಸಮ ಒದೆಯುತ್ತಿದ್ದರು. ಚಿಕ್ಕಂದಿನಲ್ಲಿ ಅವರ ಅಪ್ಪನೇ ಹಾಗೆ ಅಭ್ಯಾಸ ಮಾಡಿಸಿದ್ದಂತೆ. ಅಂಥ ಆಟಗಾರ ತಮ್ಮ ಇಡೀ ಆಯುಷ್ಯದಲ್ಲಿ ಆಡಿದ ಕೊನೆಯ ಹಂತದ ಪಂದ್ಯ ಒಂದೇ ಒಂದು, 1970ರಲ್ಲಿ. ಆದರೂ ಕ್ಲಬ್ ಬಿಟ್ಟು ಹೋಗಲಿಲ್ಲ. ನನಗೆ ಈ ಕ್ಲಬ್ಬಿನ ಎಲ್ಲಾ ಬಾವುಟಗಳಿಗಿಂತ ದೊಡ್ಡದು ಇದು.

1980ರ ಹೊತ್ತಿಗೆ ಕ್ಲಬ್ಬಿನ ಕೈಯಲ್ಲಿ ದುಡ್ಡಿರಲಿಲ್ಲ. ಲೀಗಿಗೆ ಸಿಡ್ನಿಯಲ್ಲಿ ಆಟ ಬೆಳೆಸಬೇಕಿತ್ತು. 1982ರಲ್ಲಿ ತವರಿನ ಪಂದ್ಯಗಳನ್ನೆಲ್ಲ ಸಿಡ್ನಿಗೆ ಒಯ್ದರು. ಸೌತ್ ಸೌತಿನಲ್ಲೇ ಇರಲಿ ಅಂತ ಊರಿನವರು ಗುಂಪು ಕಟ್ಟಿ ಹೋರಾಡಿದರು. ನಿಲ್ಲಿಸಲು ಆಗಲಿಲ್ಲ.

ಇಲ್ಲಿ ನಮ್ಮ ಮನೆಯ ಮಾತು ಬರುತ್ತದೆ. ನಮ್ಮ ಅಜ್ಜ ಶರಾವತಿ ಮುಳುಗಡೆಯವರು. ಲಿಂಗನಮಕ್ಕಿ ಡ್ಯಾಮ್ 1964ರಲ್ಲಿ ಮುಗಿಯಿತು. ಅದಕ್ಕೆ ಮೊದಲೇ ಊರು ಖಾಲಿ ಮಾಡಿಸಿದರು. ಅಜ್ಜ ಎತ್ತಿನ ಗಾಡಿಯಲ್ಲಿ ಮನೆಯನ್ನೇ ಬಿಚ್ಚಿಕೊಂಡು ಬಂದರು. ಹಂಚು, ಬಾಗಿಲು, ಜಗಲಿಯ ನಾಲ್ಕು ಮುಂಡಿಗೆ, ಅಂದರೆ ಮರದ ಕಂಬ. ಇವತ್ತು ನಮ್ಮ ಜಗಲಿಯಲ್ಲಿ ನಿಂತಿರುವುದು ಅವೇ ಮುಂಡಿಗೆ. ಹಲಸಿನ ಮರದವು. ಒಂದರ ಬುಡದಲ್ಲಿ ಅಜ್ಜ ಹುಡುಗನಾಗಿದ್ದಾಗ ಕತ್ತಿಯಿಂದ ಕೆತ್ತಿದ ಗೀಟುಗಳಿವೆ, ಎತ್ತರ ಅಳೆದುಕೊಂಡದ್ದು. ಆ ಮುಂಡಿಗೆ ಯಾರದ್ದು ಅಂತ ಯಾರಾದರೂ ಕೇಳುತ್ತಾರಾ? ನಮ್ಮದೇ. ಊರು ನೀರಿನಡಿ ಹೋಯಿತು ಅಂತ ಆ ಗೀಟುಗಳು ಬೇರೆಯವರದ್ದಾಗುವುದಿಲ್ಲ.

ಆದರೆ ಒಂದು ಮಾತು. ಮುಂಡಿಗೆ ಬಂತು, ತೋಟ ಬರಲಿಲ್ಲ. ಅಜ್ಜ ಸಾಯುವವರೆಗೂ ಆ ತೋಟದ ಮಾತಾಡುತ್ತಿದ್ದರು. ಹಾಗೆಯೇ ಬಾವುಟ ಸಿಡ್ನಿಗೆ ಹೋಯಿತು, ಕೆರೆದಡದ ಮೈದಾನ ಹೋಗಲಿಲ್ಲ. ನಿಮ್ಮ ಮನೆಗೆ ಊಟಕ್ಕೆ ಬಂದ ಆ ಮೆಲ್ಬರ್ನಿನವರಿಗೆ ಬಹುಶಃ ಆ ನೋವಿದೆ. ಲೆಕ್ಕ ತಪ್ಪು ಹೇಳಿದರು, ನೋವು ಸುಳ್ಳಲ್ಲ. ನಮ್ಮ ಮುದುಕರ ಅಕ್ಕ ಒಬ್ಬರಿದ್ದರು. 1982ರ ಮೇಲೆ ಅವರು ಒಂದು ಪಂದ್ಯವನ್ನೂ ನೋಡಲಿಲ್ಲ, ಬೇರೆ ಯಾವ ಕ್ಲಬ್ಬಿಗೂ ಹೋಗಲಿಲ್ಲ. ಅವರನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಸಿಡ್ನಿಯಲ್ಲೂ ಮೊದಮೊದಲು ಸುಖ ಇರಲಿಲ್ಲ. 1992ರಿಂದ 1994ರವರೆಗೆ ಮೂರು ವರ್ಷವೂ ಪಟ್ಟಿಯ ಕೊನೆ ಸ್ಥಾನ. 1992, 1993ರಲ್ಲಿ ಒಂದಾದ ಮೇಲೆ ಒಂದು 26 ಪಂದ್ಯ ಸೋತರು. ಕ್ಲಬ್ ಮುಚ್ಚಿಯೇ ಹೋಗುತ್ತದೆ ಅನ್ನುವ ಸ್ಥಿತಿ. 1993ರಲ್ಲಿ ರಾನ್ ಬರಾಸಿ ಕೋಚ್ ಆಗಿ ಬಂದರು, 1995ರಲ್ಲಿ ಟೋನಿ ಲಾಕೆಟ್ ಬಂದರು. 1999ರಲ್ಲಿ ಲಾಕೆಟ್ ತಮ್ಮ 1300ನೇ ಗೋಲ್ ಹೊಡೆದು, ಕಾಲಿಂಗ್‌ವುಡ್‌ನ ಗಾರ್ಡನ್ ಕವೆಂಟ್ರಿಯವರ 1299ರ ದಾಖಲೆ ಮುರಿದರು. ಜನ ಮೈದಾನಕ್ಕೇ ನುಗ್ಗಿದರು.

ಈಗ 2005. ಸೆಪ್ಟೆಂಬರ್ 24, ಶನಿವಾರ ಮಧ್ಯಾಹ್ನ. ನಾನು ಆ ಮುದುಕರ ಮನೆಯಲ್ಲಿದ್ದೆ. ಟಿವಿ ಹಾಕಿ ಅಂತ ಅವರೇ ಕರೆದಿದ್ದರು. ಎದುರಾಳಿ ಪರ್ತ್‌ನ ವೆಸ್ಟ್ ಕೋಸ್ಟ್. ಕೊನೆಯ ಕೆಲವು ಸೆಕೆಂಡ್ ಉಳಿದಾಗ ಸಿಡ್ನಿ 58, ವೆಸ್ಟ್ ಕೋಸ್ಟ್ 54. ವೆಸ್ಟ್ ಕೋಸ್ಟ್‌ನವರು ಚೆಂಡನ್ನು ಗೋಲಿನ ಕಡೆ ಉದ್ದಕ್ಕೆ ಒದ್ದರು. ಒಂದು ಗೋಲ್ ಆದರೆ ಮುಗಿಯಿತು. ಚೆಂಡಿನ ಕೆಳಗೆ ಎರಡೂ ಕಡೆಯವರ ಗುಂಪು. ಆಗ ಪಕ್ಕದಿಂದ ಲಿಯೋ ಬ್ಯಾರಿ ಹಾರಿ, ಆ ಎಲ್ಲರ ಕೈಗಳ ಮೇಲೆ ಚೆಂಡು ಹಿಡಿದರು. ನೆಲಕ್ಕೆ ಬಿದ್ದರೂ ಬಿಡಲಿಲ್ಲ. ಸೈರನ್ ಆಯಿತು. ಮುದುಕರು ಕೂಗಲಿಲ್ಲ. ಎರಡೂ ಕೈ ಮಂಡಿಯ ಮೇಲೆ ಇಟ್ಟುಕೊಂಡು ಕೂತಿದ್ದರು. ಕೋಚ್ ಪಾಲ್ ರೂಸ್ ಕಪ್ ಎತ್ತುವಾಗ, ಸೌತ್ ಮೆಲ್ಬರ್ನಿನವರ ಹೆಸರನ್ನೂ ಸಿಡ್ನಿಯವರ ಹೆಸರನ್ನೂ ಹೇಳಿ, 72 ವರ್ಷ ಕಾದವರಿಗೆ ಇದು ಅಂದರು. ಆಗ ಮುದುಕರು ಅತ್ತರು.

ಮುಂದಿನ ವರ್ಷ ಅವರ ಮನೆಗೆ ಅಂಚೆಯಲ್ಲಿ ಒಂದು ಲಕೋಟೆ ಬಂತು. 2006ರ ಮೆಂಬರ್‌ಶಿಪ್ ಕಾರ್ಡ್. ನನ್ನನ್ನು ಶೆಡ್ಡಿಗೆ ಕರೆದರು. ಸುತ್ತಿಗೆ, ಮೊಳೆ ತೆಗೆದುಕೊಂಡು 1981ರ ಟಿಕೆಟ್‌ನ ಪಕ್ಕ ಅದನ್ನು ಹೊಡೆದರು. ನಾನು ನೋಡುತ್ತಲೇ ಇದ್ದೆ. ಉಳಿದ ಟಿಕೆಟ್‌ಗಳ ನಡುವೆ ಎರಡು ಬೆರಳು ಜಾಗ ಇತ್ತು. ಇದಕ್ಕೂ ಎರಡೇ ಬೆರಳು ಬಿಟ್ಟರು.

ನಿಮ್ಮ ಮೊಮ್ಮಗನ ಪ್ರೋಗ್ರೆಸ್ ಕಾರ್ಡಿನ ಪ್ರಶ್ನೆಗೆ ಉತ್ತರ ನಿಮಗೇ ಗೊತ್ತು, ಟೀಚರ್. ತುಮರಿ ಶಾಲೆಯ ಹುಡುಗ ನಾಲ್ಕನೇ ಕ್ಲಾಸು ಮುಗಿಸಿ, ಟಿಸಿ ತೆಗೆದುಕೊಂಡು ಸಾಗರಕ್ಕೆ ಬಂದರೆ ಅವನ ಹಳೇ ಮಾರ್ಕ್ಸ್ ಯಾರದ್ದು? ಅವನದ್ದೇ ಅಲ್ವಾ? ಅವನು ಹೊಳೆ ದಾಟಿದ, ಅಷ್ಟೇ. ಇನ್ನೊಂದು: ಮೊಮ್ಮಗನ ಹತ್ತಿರ ಸ್ವಾನ್ಸ್ ಜೆರ್ಸಿ ಇದ್ದರೆ, ಹಿಂದಗಡೆ ಕುತ್ತಿಗೆಯ ಕೆಳಗೆ ನೋಡಲು ಹೇಳಿ. ಎದುರಿಗೆ ಸಿಡ್ನಿಯ ಒಪೆರಾ ಹೌಸಿನ ಆಕಾರ ಇರುತ್ತದೆ. ಹಿಂದೆ ಸಣ್ಣದಾಗಿ ಎಸ್‌ಎಂಎಫ್‌ಸಿ ಅಂತ ನಾಲ್ಕು ಅಕ್ಷರ. ಸೌತ್ ಮೆಲ್ಬರ್ನ್ ಫುಟ್‌ಬಾಲ್ ಕ್ಲಬ್.

ಕೊಪ್ಪದ ಕಾಫಿ:

ಅಣ್ಣಾ, ಬರೆದದ್ದು ಓದಿ ಮಾತೇ ಹೊರಡಲಿಲ್ಲ. ಆದರೆ ನನ್ನದೊಂದು ತಕರಾರಿದೆ. ನಾನು ಬ್ರಿಸ್ಬೇನಿನಲ್ಲಿ ಓದಿದವನು, ಲಯನ್ಸ್ ಕಡೆಯವನು. ನಮ್ಮ ಫಿಟ್ಜ್‌ರಾಯ್ ಕಥೆ ಏನು?

ಫಿಟ್ಜ್‌ರಾಯ್ ಕೂಡ ಆ 1897ರ ಎಂಟು ಕ್ಲಬ್ಬಿನಲ್ಲಿ ಒಂದು. ಶುರುವಾದದ್ದು 1883ರಲ್ಲಿ. ಎಂಟು ಬಾವುಟ ಗೆದ್ದಿದೆ: 1898, 1899, 1904, 1905, 1913, 1916, 1922, 1944. ಸೌತ್‌ಗಿಂತ ಐದು ಜಾಸ್ತಿ. ಅವರಿಗೂ ದುಡ್ಡಿಲ್ಲದೆ ಹೋಯಿತು. 1996ರ ಸೆಪ್ಟೆಂಬರ್ 1ರಂದು ಪರ್ತ್‌ನಲ್ಲಿ ಫ್ರೀಮ್ಯಾಂಟಲ್ ಮೇಲೆ ಕೊನೆಯ ಪಂದ್ಯ ಆಡಿದರು. ಆಮೇಲೆ ಬ್ರಿಸ್ಬೇನ್ ಬೇರ್ಸ್ ಜೊತೆ ಸೇರಿಸಿ ಬ್ರಿಸ್ಬೇನ್ ಲಯನ್ಸ್ ಮಾಡಿದರು. ಜೆರ್ಸಿಯ ಮೇಲಿನ ಸಿಂಹ ಫಿಟ್ಜ್‌ರಾಯ್‌ದೇ. ಹಾಡಿನ ಧಾಟಿಯೂ ಅವರದ್ದೇ.

ಆದರೆ ಲೀಗಿನ ಲೆಕ್ಕದಲ್ಲಿ ಬ್ರಿಸ್ಬೇನ್ ಲಯನ್ಸ್‌ಗೆ ಐದೇ ಬಾವುಟ: 2001, 2002, 2003, 2024, 2025. ಫಿಟ್ಜ್‌ರಾಯ್‌ನ ಎಂಟು ಬೇರೆ ಸಾಲಿನಲ್ಲಿ, ಮುಚ್ಚಿದ ಅಂಗಡಿಯ ಬೋರ್ಡಿನ ಹಾಗೆ ಉಳಿದಿವೆ. ಸೌತ್‌ನ ಮುಂಡಿಗೆ ಹೊಸ ಮನೆಗೆ ಬಂದರೆ, ಫಿಟ್ಜ್‌ರಾಯ್‌ದು ಯಾಕೆ ಬರಬಾರದು? ಅಲ್ಲಿದ್ದಾಗ ಫಿಟ್ಜ್‌ರಾಯ್ ಕಡೆಯ ಹಿರಿಯರೊಬ್ಬರು ನನಗೆ ಸಿಗುತ್ತಿದ್ದರು. ಈ ವಿಷಯ ಎತ್ತಿದರೆ ಊಟದ ತಟ್ಟೆ ಸರಿಸಿ ಎದ್ದು ಹೋಗುತ್ತಿದ್ದರು.

ಮುಳುಗಡೆ ಮೊಮ್ಮಗ, ಹೊಸನಗರ:

ತಮ್ಮಾ, ನಿನ್ನ ತಕರಾರು ನ್ಯಾಯವಾದದ್ದೇ. ನನಗೆ ತೋಚುವುದು ಇಷ್ಟು. ಸೌತ್ ಒಬ್ಬನೇ ಹುಡುಗ, ಟಿಸಿ ತೆಗೆದುಕೊಂಡು ಹೋದ. ಫಿಟ್ಜ್‌ರಾಯ್‌ದು ಮಕ್ಕಳು ಕಡಿಮೆಯಾಗಿ ಎರಡು ಶಾಲೆ ಸೇರಿಸಿದ ಹಾಗೆ. ಹೊಸ ಶಾಲೆಗೆ ಹೊಸ ರಿಜಿಸ್ಟರ್. ಹಳೇ ಎರಡು ರಿಜಿಸ್ಟರ್‌ಗಳನ್ನು ಹಾಗೇ ಕಟ್ಟಿ ಇಡುತ್ತಾರೆ. ಅದರಲ್ಲಿ ಬರೆದ ಹೆಸರು ಅಳಿಸುವುದಿಲ್ಲ, ಹೊಸದಕ್ಕೆ ನಕಲೂ ಮಾಡುವುದಿಲ್ಲ. ಲೀಗಿನವರು ಹಾಗೆ ನೋಡಿದ್ದಾರೆ. ಒಬ್ಬ ಫಿಟ್ಜ್‌ರಾಯ್‌ನವನ ಮನಸ್ಸಿನಲ್ಲಿ 13 ಅಂತಿದ್ದರೆ ನಾನು ಜಗಳಕ್ಕೆ ಹೋಗುವುದಿಲ್ಲ.

ಫಿಟ್ಜ್‌ರಾಯ್ ಅನ್ನುವ ಕ್ಲಬ್ ಪೂರ್ತಿ ಅಳಿದಿಲ್ಲ ಅನ್ನುವುದೂ ನಿನಗೆ ಗೊತ್ತಿರಬೇಕು. 2009ರಿಂದ ಅಮೆಚೂರ್ ಲೀಗಿನಲ್ಲಿ, ತಮ್ಮ ಹಳೇ ಬ್ರನ್ಸ್‌ವಿಕ್ ಸ್ಟ್ರೀಟ್ ಮೈದಾನದಲ್ಲೇ ಆಡುತ್ತಾರೆ.

ನೀನು ಫಿಟ್ಜ್‌ರಾಯ್ ಅಂದಕೂಡಲೇ ನನಗೆ 1899 ನೆನಪಾಯಿತು. ಆ ವರ್ಷದ ಫೈನಲ್ ಫಿಟ್ಜ್‌ರಾಯ್‌ಗೂ ಸೌತ್ ಮೆಲ್ಬರ್ನ್‌ಗೂ. ಫಿಟ್ಜ್‌ರಾಯ್ 27, ಸೌತ್ 26. ಒಂದೇ ಪಾಯಿಂಟ್. ಎರಡೂ ಮೆಲ್ಬರ್ನಿನ ಕ್ಲಬ್. ಅದಾಗಿ 125 ವರ್ಷಕ್ಕೆ, 2024ರ ಫೈನಲ್‌ನಲ್ಲಿ ಮೆಲ್ಬರ್ನ್ ಕ್ರಿಕೆಟ್ ಗ್ರೌಂಡಿಗೆ ಬಂದವರು ಯಾರು? ಬ್ರಿಸ್ಬೇನ್ ಮತ್ತು ಸಿಡ್ನಿ. ಸಿಂಹದ ಜೆರ್ಸಿ ಒಂದು ಕಡೆ, ಕೆಂಪು ಬಿಳಿ ಇನ್ನೊಂದು ಕಡೆ. ಊರು ಬಿಟ್ಟು ಹೋದ ಇಬ್ಬರೂ ಹುಟ್ಟಿದ ಊರಿಗೇ ಬಂದು ಆಡಿದರು. ಬ್ರಿಸ್ಬೇನ್ 120, ಸಿಡ್ನಿ 60. ನನಗೆ ಆ ಸೋಲು ಭಾರಿ ಬೇಸರ ತಂದಿತು. ಆದರೂ ಇಲ್ಲಿ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಸ್ಕೋರ್ ನೋಡುವಾಗ ನಿನ್ನ ಫಿಟ್ಜ್‌ರಾಯ್ ಹಿರಿಯರಂಥವರು ಎಷ್ಟು ಜನ ಖುಷಿಪಡುತ್ತಿರಬಹುದು ಅಂತ ಅನ್ನಿಸಿತ್ತು.

ಸಾಗರದ ಟೀಚರ್:

ಎಲ್ಲರಿಗೂ ತುಂಬಾ ಉಪಕಾರವಾಯಿತು. ನಿನ್ನೆ ಭಾನುವಾರ ಮಾತಾಡಿದೆ. ಹೊಸನಗರದವರು ಬರೆದದ್ದನ್ನು ಪ್ರಿಂಟ್ ತೆಗೆಸಿ, ಎದುರಿಗೆ ಇಟ್ಟುಕೊಂಡು ಅವನಿಗೆ ಹೇಳಿದೆ. ಮುಕ್ಕಾಲು ಗಂಟೆ ಅಲುಗಾಡದೆ ಕೇಳಿದ. ಟಿಸಿ ಅಂದರೆ ಏನು ಅಂತ ಮೊದಲು ವಿವರಿಸಬೇಕಾಯಿತು. ತಿಳಿದ ಮೇಲೆ, "ಹಾಗಾದ್ರೆ ನಮ್ಮದೇ" ಅಂದ. ಆಮೇಲೆ ಓಡಿಹೋಗಿ ಜೆರ್ಸಿ ತಂದು ಕ್ಯಾಮೆರಾಕ್ಕೆ ಹಿಡಿದ. ನಾಲ್ಕೂ ಅಕ್ಷರ ಇದ್ದವು. ಎರಡು ವರ್ಷದಿಂದ ಹಾಕಿಕೊಳ್ಳುತ್ತಿದ್ದಾನೆ, ಬೆನ್ನ ಮೇಲೆ ಇದ್ದದ್ದರಿಂದ ಓದಿರಲಿಲ್ಲ.

ತೋಟ ಬರಲಿಲ್ಲ ಅನ್ನುವ ಮಾತು ಹೇಳುವಾಗ ನನ್ನ ದನಿಯೇ ಸ್ವಲ್ಪ ಕಟ್ಟಿತು. ನಮ್ಮ ಶಾಲೆಯಲ್ಲೂ ಮುಳುಗಡೆಯ ಮನೆಗಳ ಮಕ್ಕಳು ಬಹಳ ಇದ್ದರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಊಟಕ್ಕೆ ಬಂದಿದ್ದ ಆ ಅಂಕಲ್‌ಗೆ ಸಾರಿ ಹೇಳಬೇಕಾ ಅಂತ ಕೇಳಿದ. ಸಾರಿ ಬೇಡ, ಅವರು ಚಿಕ್ಕವರಿದ್ದಾಗ ಯಾವ ಆಟಗಾರ ಇಷ್ಟ ಇದ್ದರು ಅಂತ ಕೇಳು ಅಂದೆ.

ಡಿಸೆಂಬರ್ ರಜೆಯಲ್ಲಿ ಅವರೆಲ್ಲ ಮೆಲ್ಬರ್ನಿಗೆ ಹೋಗುತ್ತಾರೆ. ಕೆರೆದಡದ ಮೈದಾನ ನೋಡಲೇಬೇಕು ಅಂತ ಈಗಲೇ ಹಟ ಹಿಡಿದಿದ್ದಾನೆ. ನೋಡಲು ಅಲ್ಲಿ ಏನಾದರೂ ಉಳಿದಿದೆಯಾ? ಹೋಗುವುದು ಹೇಗೆ?

ಮುಳುಗಡೆ ಮೊಮ್ಮಗ, ಹೊಸನಗರ:

ಉಳಿದಿದೆ ಟೀಚರ್. ಈಗ ಅದಕ್ಕೆ ಲೇಕ್‌ಸೈಡ್ ಸ್ಟೇಡಿಯಂ ಅಂತ ಹೆಸರು. ಒಳಗೆ ಓಟದ ಟ್ರ್ಯಾಕ್ ಮಾಡಿದ್ದಾರೆ. 1926ರ ಹಳೇ ಗ್ರ್ಯಾಂಡ್‌ಸ್ಟ್ಯಾಂಡ್ ಇನ್ನೂ ನಿಂತಿದೆ. ಸ್ಕಿಲ್ಟನ್, ಪ್ರಾಟ್ ಎಲ್ಲ ಅದರ ಎದುರಿಗೇ ಆಡಿದ್ದು. ಊರ ಮಧ್ಯದಿಂದ 96ನೇ ನಂಬರ್ ಟ್ರಾಂ ಹತ್ತಿ ಆಲ್ಬರ್ಟ್ ಪಾರ್ಕಿನಲ್ಲಿ ಇಳಿದರೆ ನಡೆದೇ ಹೋಗಬಹುದು. ಕೆರೆಯಲ್ಲಿ ಕಪ್ಪು ಹಂಸಗಳಿರುತ್ತವೆ, ಅದನ್ನೂ ತೋರಿಸಲು ಹೇಳಿ.

ಚೆಂಡು ಮರೆಯದೆ ತೆಗೆದುಕೊಂಡು ಹೋಗಲಿ. ಸ್ಟೇಡಿಯಂ ಗೇಟ್ ಹಾಕಿದ್ದರೂ ಕೆರೆಯ ಸುತ್ತ ಬೇಕಾದಷ್ಟು ಹುಲ್ಲಿನ ಜಾಗ ಇದೆ, ಅಲ್ಲಿ ಒದೆಯಬಹುದು. ಎಡಗಾಲಿನಲ್ಲೂ ಒದೆಯಲಿ.